ಸಾಕ್ಷಿ ಹೇಳಿದ್ದು ‘ಎರಡು ಗಂಟೆ’, ಗಡಿಯಾರದಲ್ಲಿ ಎಂಟು: ಕೋರ್ಟ್ ಕೆಲಸಕ್ಕೆ ಸ್ವಾಹಿಲಿ ದುಭಾಷಿ ಹುಡುಕುವುದು ಹೇಗೆ?

ಒಂದು ಕೋರ್ಟ್ ಹಾಲ್ ಊಹಿಸಿಕೊಳ್ಳಿ. ಬೆಂಗಳೂರಿನದೇ ಇರಲಿ. ಕಟಕಟೆಯಲ್ಲಿ ತಾಂಜಾನಿಯಾದ ಒಬ್ಬ ಹೆಂಗಸು ನಿಂತಿದ್ದಾರೆ. ಗಂಡನ ಚಿಕಿತ್ಸೆಗೆಂದು ಇಲ್ಲಿಗೆ ಬಂದವರು, ಅವರಿದ್ದ ಬಾಡಿಗೆ ಮನೆಯ ಮುಂದೆ ನಡೆದ ಹೊಡೆದಾಟಕ್ಕೆ ಸಾಕ್ಷಿಯಾಗಿದ್ದಾರೆ. ಇಂಗ್ಲಿಷ್ ಬರುವುದಿಲ್ಲ. ಗಲಾಟೆ ಎಷ್ಟು ಹೊತ್ತಿಗೆ ನಡೆಯಿತು ಎಂದು ವಕೀಲರು ಕೇಳುತ್ತಾರೆ. ‘ಸಾ ಮ್ಬಿಲಿ ಉಸಿಕು’ ಅನ್ನುತ್ತಾರೆ ಆಕೆ. ಸಾ ಅಂದರೆ ಗಂಟೆ, ಮ್ಬಿಲಿ ಅಂದರೆ ಎರಡು, ಉಸಿಕು ಅಂದರೆ ರಾತ್ರಿ. ದುಭಾಷಿ ‘ರಾತ್ರಿ ಎರಡು ಗಂಟೆ’ ಅಂತಾನೆ. ಟೈಪಿಸ್ಟ್ ಅದನ್ನೇ ಟೈಪ್ ಮಾಡುತ್ತಾರೆ. ಆಮೇಲೆ ಸಿಸಿಟಿವಿ ನೋಡಿದರೆ ಹೊಡೆದಾಟ ನಡೆದದ್ದು ರಾತ್ರಿ ಎಂಟು ಗಂಟೆಗೆ! ಪಾಟೀಸವಾಲಿನಲ್ಲಿ ಎದುರು ವಕೀಲರು ಬಿಡುತ್ತಾರಾ? ‘ನೀವು ಆ ಜಾಗದಲ್ಲಿ ಇರಲೇ ಇಲ್ಲ ಅಲ್ಲವೇ?’

ಆಕೆ ಸುಳ್ಳು ಹೇಳಿಲ್ಲ. ಕ್ಯಾಮೆರಾ ಕೂಡ ಸರಿಯಾಗಿಯೇ ಇದೆ. ಸ್ವಾಹಿಲಿಯಲ್ಲಿ ಗಂಟೆ ಎಣಿಕೆ ಶುರುವಾಗುವುದು ನಡುರಾತ್ರಿಯಿಂದ ಅಲ್ಲ, ಹೊತ್ತು ಹುಟ್ಟಿದ ಮೇಲೆ. ಬೆಳಗ್ಗೆ ಏಳು ಅವರಿಗೆ ‘ಒಂದು ಗಂಟೆ’. ಸಂಜೆ ಹೊತ್ತು ಮುಳುಗಿದ ಮೇಲೆ ಮತ್ತೆ ಒಂದರಿಂದ ಎಣಿಕೆ. ಹಾಗಾಗಿ ‘ರಾತ್ರಿಯ ಎರಡು’ ಅಂದರೆ ನಮ್ಮ ಎಂಟು. ಸಮಭಾಜಕ ವೃತ್ತದ ಹತ್ತಿರದ ನಾಡು ಅದು, ವರ್ಷವಿಡೀ ಹೆಚ್ಚುಕಡಿಮೆ ಆರು ಗಂಟೆಗೇ ಬೆಳಗಾಗುತ್ತದೆ, ಆರಕ್ಕೇ ಕತ್ತಲಾಗುತ್ತದೆ. ಅಲ್ಲಿಗೆ ಈ ಲೆಕ್ಕ ಸರಿಯಾಗಿ ಹೊಂದುತ್ತದೆ. ನಮಗೂ ಇದೇನು ಪೂರ್ತಿ ಹೊಸದಲ್ಲ. ಪಂಚಾಂಗದಲ್ಲಿ ಗಳಿಗೆ ಎಣಿಸುವುದು ಸೂರ್ಯ ಹುಟ್ಟಿದ ಮೇಲೇ ಅಲ್ವಾ?

ಆ ದುಭಾಷಿಗೆ ಸ್ವಾಹಿಲಿ ಪದಗಳು ಗೊತ್ತಿದ್ದವು, ಸ್ವಾಹಿಲಿ ಗಡಿಯಾರ ಗೊತ್ತಿರಲಿಲ್ಲ. ‘ಸ್ವಾಹಿಲಿ ಬರುತ್ತಾ?’ ಎಂಬ ಒಂದೇ ಪ್ರಶ್ನೆ ಕೇಳಿ ಕೋರ್ಟ್ ಕೆಲಸಕ್ಕೆ ಜನ ಕರೆತಂದರೆ ಹೀಗಾಗುತ್ತದೆ. ಹಾಗಾದರೆ ಇನ್ನೇನು ಕೇಳಬೇಕು, ಎಲ್ಲಿ ಹುಡುಕಬೇಕು, ಕಾನೂನು ಏನು ಹೇಳುತ್ತದೆ? ಬುಡದಿಂದ ನೋಡೋಣ.

ಇಲ್ಲಿ ಸ್ವಾಹಿಲಿ ಯಾರಿಗೆ ಬೇಕು?

ಸ್ವಾಹಿಲಿ ಪೂರ್ವ ಆಫ್ರಿಕಾದ ಭಾಷೆ. ಆಡುವವರು 20 ಕೋಟಿಗೂ ಜಾಸ್ತಿ ಎಂದು ಯುನೆಸ್ಕೊ ಹೇಳುತ್ತದೆ. ತಾಂಜಾನಿಯಾ ಮತ್ತು ಕೀನ್ಯಾದಲ್ಲಿ ರಾಷ್ಟ್ರಭಾಷೆ. ಕಾಂಗೊ ದೇಶದ ನಾಲ್ಕು ರಾಷ್ಟ್ರೀಯ ಭಾಷೆಗಳಲ್ಲಿ ಒಂದು. ಉಗಾಂಡ, ರುವಾಂಡ, ಬುರುಂಡಿಯಲ್ಲೂ ನಡೆಯುತ್ತದೆ. ಆಡುವವರು ಅದನ್ನು ಕಿಸ್ವಾಹಿಲಿ ಎಂದು ಕರೆಯುತ್ತಾರೆ.

ಈ ದೇಶಗಳಿಂದ ನಮ್ಮ ಕಡೆಗೆ ಮುಖ್ಯವಾಗಿ ಎರಡು ಬಗೆಯ ಜನ ಬರುತ್ತಾರೆ. ಒಂದು, ಓದಲು ಬರುವ ಹುಡುಗ ಹುಡುಗಿಯರು. ಇವರಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಬರುತ್ತದೆ. ಎರಡು, ಆಸ್ಪತ್ರೆಗೆ ಬರುವ ರೋಗಿಗಳು, ಅವರ ಜೊತೆ ಬರುವ ಅಪ್ಪ, ಅಮ್ಮ, ಅಕ್ಕ. ಇವರಲ್ಲಿ ಎಷ್ಟೋ ಜನಕ್ಕೆ ಇಂಗ್ಲಿಷ್ ಬರುವುದಿಲ್ಲ. ಆಸ್ಪತ್ರೆಯ ಮೇಲೆ ಗ್ರಾಹಕ ಆಯೋಗದಲ್ಲಿ ದೂರು, ಬಾಡಿಗೆ ಜಗಳ, ವೀಸಾ ಅವಧಿ ಮೀರಿದ ಕೇಸು, ಮಾದಕ ವಸ್ತು ಕೇಸು, ಅಪಘಾತದ ಪರಿಹಾರ, ಮೋಸ ಹೋದದ್ದು, ಮೋಸ ಮಾಡಿದ್ದು ಹೀಗೆ ಯಾವುದರಲ್ಲಾದರೂ ಇವರ ಹೆಸರು ಬರಬಹುದು. ಆರೋಪಿಯಾಗಿ ಅಂತಲೇ ಅಲ್ಲ. 2016ರ ಆರಂಭದಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಯಾರೋ ಮಾಡಿದ ಅಪಘಾತಕ್ಕೆ ರೊಚ್ಚಿಗೆದ್ದ ಗುಂಪು ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಹಲ್ಲೆ ಮಾಡಿತ್ತು. ಅಲ್ಲಿ ಆಕೆ ನೊಂದವಳು.

‘ಇಂಗ್ಲಿಷ್ ಬರುತ್ತಲ್ಲ, ಸಾಕು’ ಅಂತ ಪೊಲೀಸರೂ ವಕೀಲರೂ ಮುಂದೆ ಹೋಗಿಬಿಡುವುದುಂಟು. ಅಂಗಡಿಯಲ್ಲಿ ಹಾಲು ಕೊಳ್ಳುವ ಇಂಗ್ಲಿಷ್ ಬೇರೆ, ಪಾಟೀಸವಾಲು ಎದುರಿಸುವ ಇಂಗ್ಲಿಷ್ ಬೇರೆ. ಹತ್ತು ವರ್ಷ ಮುಂಬೈಯಲ್ಲಿದ್ದು ಹಿಂದಿಯಲ್ಲಿ ಚೌಕಾಸಿ ಮಾಡುವ ನಮ್ಮವರನ್ನೇ ಹಿಂದಿಯಲ್ಲಿ ಅಫಿಡವಿಟ್ ವಿವರಿಸಿ ಅಂತ ಕೇಳಿ ನೋಡಿ.

ದುಭಾಷಿ ಬೇರೆ, ಅನುವಾದಕ ಬೇರೆ

ಬಾಯಿಮಾತನ್ನು ಆಗಿಂದಾಗಲೇ ಇನ್ನೊಂದು ಭಾಷೆಯಲ್ಲಿ ಹೇಳುವವರು ದುಭಾಷಿ. ಬರಹವನ್ನು ಬರಹಕ್ಕೆ ತರುವವರು ಅನುವಾದಕರು. ಸ್ವಾಹಿಲಿಯಲ್ಲೂ ಎರಡು ಪದ ಇವೆ: ದುಭಾಷಿಗೆ ಮ್ಕಲಿಮಾನಿ, ಅನುವಾದಕರಿಗೆ ಮ್ಫಸಿರಿ.

ಒಬ್ಬರೇ ಎರಡೂ ಮಾಡಬಹುದು, ಆದರೆ ಕೌಶಲ ಒಂದೇ ಅಲ್ಲ. ಅನುವಾದಕರಿಗೆ ನಿಘಂಟು ತೆರೆಯಲು, ನಾಳೆ ತಿದ್ದಲು ಸಮಯ ಇರುತ್ತದೆ. ದುಭಾಷಿಗೆ ಇರುವುದು ನೆನಪು, ಕಿವಿ ಮತ್ತು ಎರಡು ಸೆಕೆಂಡು. ನಿಮ್ಮ ಹತ್ತಿರ ಇರುವುದು ಸ್ವಾಹಿಲಿಯ ಮದುವೆ ಪ್ರಮಾಣಪತ್ರ, ಜಮೀನಿನ ಕಾಗದ, ವಾಟ್ಸಾಪ್ ಚಾಟ್ ಆದರೆ ಬೇಕಾಗಿರುವುದು ಅನುವಾದಕರು. ಸಾಕ್ಷಿ, ಆರೋಪಿ, ಕಕ್ಷಿದಾರ ಎದುರಿಗಿದ್ದರೆ ದುಭಾಷಿ.

ದುಭಾಷಿ ಕೆಲಸ ಮಾಡುವುದು ಸಾಮಾನ್ಯವಾಗಿ ಮೂರು ರೀತಿಯಲ್ಲಿ. ಸಾಕ್ಷಿ ಒಂದೆರಡು ವಾಕ್ಯ ಹೇಳಿ ನಿಲ್ಲಿಸಿದ ಮೇಲೆ ಹೇಳುವುದು ಒಂದು. ಕಟಕಟೆಗೆ ಇದೇ ಸರಿ. ಕೋರ್ಟಿನಲ್ಲಿ ಬೇರೆಯವರು ಮಾತಾಡುತ್ತಿರುವಾಗಲೇ ಆರೋಪಿಯ ಪಕ್ಕ ಕೂತು ಕಿವಿಯಲ್ಲಿ ಪಿಸುಗುಡುತ್ತಾ ಹೋಗುವುದು ಇನ್ನೊಂದು. ಒಂದು ಕಾಗದ ಕೈಗೆ ಕೊಟ್ಟಾಗ ನೋಡಿಕೊಂಡೇ ಬೇರೆ ಭಾಷೆಯಲ್ಲಿ ಗಟ್ಟಿಯಾಗಿ ಓದುವುದು ಮೂರನೆಯದು. ನಿಮಗೆ ಯಾವುದು ಬೇಕು ಎಂದು ಮೊದಲೇ ಹೇಳಬೇಕು. ಮೊದಲನೆಯದು ಬರುವವರಿಗೆ ಎರಡನೆಯದು ಬರಲೇಬೇಕೆಂದಿಲ್ಲ.

ಕಾನೂನು ಏನು ಹೇಳುತ್ತದೆ?

ಆರೋಪಿಗೆ ಅರ್ಥವಾಗದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ, ಅವನು ಕೋರ್ಟಿನಲ್ಲಿ ಇದ್ದರೆ, ಅದನ್ನು ಬಹಿರಂಗ ನ್ಯಾಯಾಲಯದಲ್ಲೇ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿಸಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 279ನೇ ಸೆಕ್ಷನ್. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 314ನೇ ಸೆಕ್ಷನ್. ಇದು ಕೋರ್ಟ್ ತೋರಿಸುವ ದಯೆ ಅಲ್ಲ, ಮಾಡಲೇಬೇಕಾದ ಕೆಲಸ. ದುಭಾಷಿ ನಿಜವಾದ ಅರ್ಥವನ್ನೇ ಹೇಳಬೇಕು ಎನ್ನುವುದು ಅದೇ ಸಂಹಿತೆಯ 317ರಲ್ಲಿದೆ. 1969ರ ಪ್ರಮಾಣ ಕಾಯ್ದೆಯ ಪ್ರಕಾರ ಸಾಕ್ಷಿಯ ಹಾಗೆ ದುಭಾಷಿಯೂ ಪ್ರಮಾಣ ಮಾಡಬೇಕು. ಪ್ರಮಾಣ ಮಾಡಿ ಬೇಕಂತಲೇ ತಪ್ಪಾಗಿ ಹೇಳಿದರೆ ಅದು ಸುಳ್ಳು ಸಾಕ್ಷ್ಯ. 1860ರ ದಂಡ ಸಂಹಿತೆ ಸುಳ್ಳು ಸಾಕ್ಷ್ಯಕ್ಕೆ ಕೊಟ್ಟ ಉದಾಹರಣೆಗಳಲ್ಲೇ ಒಂದು, ತಪ್ಪು ಅರ್ಥ ಹೇಳುವ ದುಭಾಷಿಯದು.

ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ಅಂಶ: ನೀವು ನಿಮ್ಮ ವಕೀಲರಿಗೆ ಹೇಳಿದ ಗುಟ್ಟನ್ನು ವಕೀಲರು ಹೊರಗೆ ಹೇಳುವಂತಿಲ್ಲ. ಅದೇ ಕಟ್ಟು ವಕೀಲರ ದುಭಾಷಿಗೂ ಅನ್ವಯಿಸುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ 127ರಲ್ಲಿ ಇದ್ದದ್ದು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 132ರಲ್ಲಿದೆ. ಜೈಲಿನಲ್ಲಿ ಕಕ್ಷಿದಾರನ ಭೇಟಿಗೆ ದುಭಾಷಿಯನ್ನು ಕರೆದೊಯ್ಯುವ ಮುಂಚೆ ಇದನ್ನು ಅವರಿಗೂ ಕಕ್ಷಿದಾರನಿಗೂ ಹೇಳಿಬಿಡುವುದು ಒಳ್ಳೆಯದು.

ಬಾಯಲ್ಲಿ ಹೇಳಿದರೆ ಸಾಕೇ, ಬರಹದಲ್ಲೂ ಕೊಡಬೇಕೇ? ಮುಂಜಾಗ್ರತಾ ಬಂಧನದ ಮಟ್ಟಿಗೆ ಇದಕ್ಕೆ ಸುಪ್ರೀಂ ಕೋರ್ಟ್ 1962ರಲ್ಲೇ ಉತ್ತರ ಕೊಟ್ಟಿದೆ. ಹರಿಕಿಸನ್ ಎಂಬವರ ಪ್ರಕರಣ. ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದರು, ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪೊಲೀಸ್ ಅಧಿಕಾರಿ ಹಿಂದಿಯಲ್ಲಿ ವಿವರಿಸಿದ್ದರು ಎಂಬ ವಾದ ನಿಲ್ಲಲಿಲ್ಲ. ಅರ್ಥವಾಗುವ ಭಾಷೆಯಲ್ಲಿ ಕೈಗೆ ಕೊಡದಿದ್ದರೆ ಆತ ಅದನ್ನು ಪ್ರಶ್ನಿಸುವುದಾದರೂ ಹೇಗೆ ಎನ್ನುವುದು ತೀರ್ಪಿನ ತಿರುಳು.

ವಿದೇಶಿಯನ್ನು ಬಂಧಿಸಿದರೆ ಅವರ ದೇಶದ ದೂತಾವಾಸಕ್ಕೆ ವಿಷಯ ತಿಳಿಸಿ ಎಂದು ಕೇಳುವ ಹಕ್ಕು ಇದೆ ಎಂದು ಅವರಿಗೆ ಹೇಳಬೇಕು. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಇದು. ಹಾಗೆಯೇ ಭಾರತ 1979ರಲ್ಲಿ ಸೇರಿದ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 14ನೇ ವಿಧಿ, ಕೋರ್ಟಿನ ಭಾಷೆ ಬಾರದ ಆರೋಪಿಗೆ ದುಡ್ಡಿಲ್ಲದೆ ದುಭಾಷಿ ಸಿಗಬೇಕು ಎನ್ನುತ್ತದೆ. ಹಾಗಾಗಿ ಕ್ರಿಮಿನಲ್ ಕೇಸಿನಲ್ಲಿ ಮೊದಲ ಹೆಜ್ಜೆ, ದುಭಾಷಿ ಬೇಕೆಂದು ಕೋರ್ಟಿಗೇ ಅರ್ಜಿ ಹಾಕುವುದು. ಖಾಸಗಿಯಾಗಿ ಹುಡುಕಿ ದುಡ್ಡು ಕೊಡುವುದು ಆಮೇಲಿನ ಮಾತು. ಸಿವಿಲ್ ವ್ಯಾಜ್ಯದಲ್ಲಿ ಸಾಮಾನ್ಯವಾಗಿ ಯಾರಿಗೆ ಬೇಕೋ ಅವರೇ ಏರ್ಪಾಡು ಮಾಡಿಕೊಳ್ಳಬೇಕಾಗುತ್ತದೆ.

ಸ್ವಾಹಿಲಿ ಒಂದೇ ಅಲ್ಲ

ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ, ಚಾಮರಾಜನಗರದ ಕನ್ನಡ ಎಲ್ಲವೂ ಕನ್ನಡವೇ. ಆದರೂ ಜಗಳ ಹತ್ತಿದಾಗ ಒಬ್ಬರ ಬೈಗುಳ ಇನ್ನೊಬ್ಬರಿಗೆ ಅರೆಬರೆ ಅರ್ಥ. ಸ್ವಾಹಿಲಿಯಲ್ಲಿ ಈ ಅಂತರ ಇನ್ನೂ ಜಾಸ್ತಿ.

ಪುಸ್ತಕದ, ರೇಡಿಯೊದ ಸ್ವಾಹಿಲಿ ಜಂಜಿಬಾರ್ ಪಟ್ಟಣದ ಮಾತನ್ನು ಆಧರಿಸಿದ್ದು. ತಾಂಜಾನಿಯಾದವರ ಮಾತು ಇದಕ್ಕೆ ಹತ್ತಿರ. ನೈರೋಬಿಯ ಯುವಕರು ಆಡುವುದು ಷೆಂಗ್, ಅಂದರೆ ಸ್ವಾಹಿಲಿ, ಇಂಗ್ಲಿಷ್ ಮತ್ತು ಊರಿನ ಬೇರೆ ಭಾಷೆಗಳ ಮಿಶ್ರಣ. ‘ಮ್ಬಾವೊ’ ಎಂದರೆ ಪುಸ್ತಕದ ಸ್ವಾಹಿಲಿಯಲ್ಲಿ ಮರದ ಹಲಗೆ. ಷೆಂಗ್‌ನಲ್ಲಿ ಇಪ್ಪತ್ತು ಷಿಲಿಂಗ್. ‘ನನಗೆ ಮ್ಬಾವೊ ಕೊಟ್ಟ’ ಎಂದ ಹುಡುಗನಿಗೆ ದುಡ್ಡು ಸಿಕ್ಕಿತೋ ಹಲಗೆ ಸಿಕ್ಕಿತೋ? ದಾರ್ ಎಸ್ ಸಲಾಮ್‌ನ ಪ್ರೊಫೆಸರ್ ಕೂಡ ಇಲ್ಲಿ ತಡವರಿಸಬಹುದು.

ಪೂರ್ವ ಕಾಂಗೊದ ಸ್ವಾಹಿಲಿಯಲ್ಲಿ ಫ್ರೆಂಚ್ ಪದಗಳು ಧಾರಾಳ, ವ್ಯಾಕರಣವೂ ಸಡಿಲ. ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಮೊದಲ ವಿಚಾರಣೆ, 2009ರಲ್ಲಿ ಶುರುವಾದ ಲುಬಾಂಗಾ ಪ್ರಕರಣ, ಕಾಂಗೊದ ಇಟೂರಿ ಪ್ರಾಂತ್ಯದ ಬಾಲ ಸೈನಿಕರದ್ದು. ಅಲ್ಲಿ ಹಲವು ಸಾಕ್ಷಿಗಳು ಆಡಿದ್ದು ಈ ಕಾಂಗೊ ಸ್ವಾಹಿಲಿ. ಕೋರ್ಟ್ ನಡೆದದ್ದು ಇಂಗ್ಲಿಷ್, ಫ್ರೆಂಚ್‌ಗಳಲ್ಲಿ. ಅದಕ್ಕೆ ತಕ್ಕ ದುಭಾಷಿಗಳೇ ಬೇಕಾದರು.

ಇನ್ನೊಂದು ವಿಷಯ. ಎಷ್ಟೋ ಜನಕ್ಕೆ ಸ್ವಾಹಿಲಿ ಮನೆಮಾತೇ ಅಲ್ಲ. ಮನೆಯಲ್ಲಿ ಲುವೊ, ಕಿಕುಯು, ಮಸಾಯಿ, ಕಿರುಂಡಿ. ಸಂತೆಗೆ, ಶಾಲೆಗೆ ಸ್ವಾಹಿಲಿ. ಆದ್ದರಿಂದ ದುಭಾಷಿಯನ್ನು ಹುಡುಕುವ ಮೊದಲೇ ಕಕ್ಷಿದಾರರಿಗೆ ಮೂರು ಪ್ರಶ್ನೆ ಕೇಳಿ: ಯಾವ ಊರು? ಮನೆಯಲ್ಲಿ ಯಾವ ಮಾತು? ಶಾಲೆ ಕಲಿತದ್ದು ಯಾವ ಭಾಷೆಯಲ್ಲಿ? ಪಾಸ್‌ಪೋರ್ಟ್ ನೋಡಿ ಭಾಷೆ ನಿರ್ಧರಿಸುವುದು, ಆಧಾರ್ ಕಾರ್ಡಿನಲ್ಲಿ ಬೆಳಗಾವಿ ಅಂತಿದೆ ಎಂದು ಮರಾಠಿ ದುಭಾಷಿಯನ್ನು ಕರೆಸಿದ ಹಾಗೆ.

ಕಾಲು ಜಾರಿಸುವ ಪದಗಳು

ಸ್ವಾಹಿಲಿಯ ಕೋರ್ಟ್ ಪದಗಳನ್ನು ಕೇಳಿದರೆ ನಮಗೆ ಪರಿಚಯದವರು ಸಿಕ್ಕ ಹಾಗಾಗುತ್ತದೆ. ವಕೀಲರಿಗೆ ವಕೀಲಿ. ತಾರೀಖಿಗೆ ತರೇಹೆ. ಜಾಮೀನಿಗೆ ದಮಾನಾ, ಎರಡರ ಬೇರೂ ಒಂದೇ ಅರಬ್ಬಿ ಪದದಲ್ಲಿದೆ. ಲಂಚಕ್ಕೆ ರುಷ್ವಾ, ನಾವು ‘ಲಂಚ ರುಷುವತ್ತು’ ಅನ್ನುವಾಗ ಬರುವ ರುಷುವತ್ತು ಇದರ ದಾಯಾದಿ. ಹಿಂದೂ ಮಹಾಸಾಗರದ ಹಾಯಿಹಡಗುಗಳು ಲವಂಗದ ಜೊತೆ ಪದಗಳನ್ನೂ ಹೊತ್ತು ತಿರುಗಿದವು.

ಆದರೆ ಪರಿಚಯದ ಮುಖ ನಂಬಿ ಮೋಸ ಹೋಗಬಾರದು. ಸ್ವಾಹಿಲಿಯ ‘ಹುಕುಮು’ ಎಂದರೆ ಕೋರ್ಟಿನ ತೀರ್ಪು. ನಮ್ಮ ಹುಕುಂ, ಬಗರ್ ಹುಕುಂನಲ್ಲಿ ಇರುವಂಥದ್ದು, ಬರೀ ಅಪ್ಪಣೆ. ಮಧ್ಯಂತರ ಆದೇಶಕ್ಕೂ ಅಂತಿಮ ತೀರ್ಪಿಗೂ ಇರುವ ವ್ಯತ್ಯಾಸ ವಕೀಲರನ್ನು ಕೇಳಿ.

‘ದಾವಾ’ ಇನ್ನೂ ಅಪಾಯ. ದಾವಾ ಎಂದರೆ ಔಷಧಿ. ಕೆಮ್ಮಿನದ್ದೂ ದಾವಾ, ಸೊಳ್ಳೆಗೆ ಹೊಡೆಯುವುದೂ ದಾವಾ. ಮಾದಕ ವಸ್ತುವಿಗೆ ‘ದಾವಾ ಜಾ ಕುಲೇವ್ಯಾ’, ಅಂದರೆ ಅಮಲೇರಿಸುವ ದಾವಾ. ಬ್ಯಾಗಿನಲ್ಲಿ ಏನಿತ್ತು ಎಂದು ಕೇಳಿದಾಗ ಒಬ್ಬ ‘ದಾವಾ’ ಎಂದ. ದುಭಾಷಿ ಇಂಗ್ಲಿಷಿನಲ್ಲಿ ‘ಡ್ರಗ್ಸ್’ ಎಂದ. ಇಂಗ್ಲಿಷಿನಲ್ಲಿ ಡ್ರಗ್ಸ್ ಎಂಬುದಕ್ಕೆ ಔಷಧಿ ಎಂಬ ಅರ್ಥವೂ ಇದೆ, ತಪ್ಪೇನಿದೆ ಅನ್ನಬಹುದು. ಪೊಲೀಸ್ ಸ್ಟೇಷನ್ನಿನಲ್ಲಿ ಆ ಪದಕ್ಕೆ ಒಂದೇ ಅರ್ಥ.

‘ಪೋಲೆ’ ನನಗೆ ಬಹಳ ಇಷ್ಟದ ಪದ. ಯಾರಾದರೂ ಎಡವಿದರೆ, ಜ್ವರ ಬಂದರೆ, ಸಾವಾದರೆ, ಬಿಸಿಲಲ್ಲಿ ದುಡಿದು ಬಂದರೆ ಸ್ವಾಹಿಲಿಯವರು ‘ಪೋಲೆ’ ಅನ್ನುತ್ತಾರೆ. ನಮ್ಮ ‘ಅಯ್ಯೋ ಪಾಪ’ದ ಹತ್ತಿರದ್ದು. ಕ್ಷಮೆ ಕೇಳುವುದಕ್ಕೆ ಬೇರೆ ಪದ ಇದೆ, ‘ಸಮಹಾನಿ’. ಇಂಗ್ಲಿಷಿನಲ್ಲಿ ಎರಡಕ್ಕೂ ‘ಸಾರಿ’. ಅಪಘಾತದಲ್ಲಿ ಬಿದ್ದವನ ಹತ್ತಿರ ಓಡಿಹೋಗಿ ‘ಪೋಲೆ’ ಅಂದೆ ಎಂದು ಸಾಕ್ಷಿ ಹೇಳಿದರೆ, ಅದು ‘ಸಾರಿ ಅಂದೆ’ ಎಂದು ದಾಖಲಾದರೆ, ಮರುಕ ಪಟ್ಟವನು ತಪ್ಪು ಒಪ್ಪಿಕೊಂಡ ಹಾಗಾಯಿತು! ‘ಕುಕುಬಾಲಿ’ ಮತ್ತು ‘ಕುಕಿರಿ’ ಜೋಡಿಯಲ್ಲೂ ಇದೇ ತೊಡಕು. ಮೊದಲನೆಯದು ಒಪ್ಪುವುದು, ಸಮ್ಮತಿಸುವುದು. ಎರಡನೆಯದು ತಪ್ಪೊಪ್ಪಿಕೊಳ್ಳುವುದು. ಸ್ಟೇಷನ್ನಿಗೆ ಬರಲು ಒಪ್ಪಿದ್ದಕ್ಕೂ ಕಳ್ಳತನ ಒಪ್ಪಿದ್ದಕ್ಕೂ ಎಷ್ಟು ದೂರ!

ವ್ಯಾಕರಣದಲ್ಲೂ ಒಂದು ಗುಂಡಿ ಇದೆ. ಸ್ವಾಹಿಲಿಯಲ್ಲಿ ಅವನು, ಅವಳು ಎಂಬ ಭೇದ ಇಲ್ಲ. ‘ಅಲಿಂಪಿಗಾ’ ಎಂಬ ಒಂದೇ ಪದಕ್ಕೆ ಅವನು ಅವನಿಗೆ ಹೊಡೆದ, ಅವಳು ಅವನಿಗೆ ಹೊಡೆದಳು, ಅವನು ಅವಳಿಗೆ ಹೊಡೆದ, ಅವಳು ಅವಳಿಗೆ ಹೊಡೆದಳು ಎಂಬ ನಾಲ್ಕೂ ಅರ್ಥ ಬರಬಹುದು. ಕನ್ನಡದಲ್ಲಿ ಕ್ರಿಯಾಪದವೇ ಗಂಡೋ ಹೆಣ್ಣೋ ಹೇಳಿಬಿಡುತ್ತದೆ. ‘ಅವರು ಹೊಡೆದರು’ ಎಂದು ಜಾರಿಕೊಳ್ಳೋಣ ಅಂದರೆ ಅದು ಒಬ್ಬರೋ ಹತ್ತು ಜನವೋ ತಿಳಿಯುವುದಿಲ್ಲ. ಐದು ಜನ ಸೇರಿದ್ದರೆ ಅಕ್ರಮ ಕೂಟದ ಸೆಕ್ಷನ್ನೇ ಬೀಳಬಹುದು. ಸರಿಯಾದ ದುಭಾಷಿ ಇಲ್ಲಿ ಊಹೆ ಮಾಡುವುದಿಲ್ಲ. ‘ಸ್ವಾಮಿ, ಈ ಮಾತಿನಲ್ಲಿ ಗಂಡು ಹೆಣ್ಣು ತಿಳಿಯುವುದಿಲ್ಲ, ಸಾಕ್ಷಿಯನ್ನು ಕೇಳಬಹುದೇ?’ ಎಂದು ನ್ಯಾಯಾಧೀಶರ ಅಪ್ಪಣೆ ಕೇಳುತ್ತಾರೆ.

ಕನ್ನಡಕ್ಕೆ ಲಾಭ ಇರುವ ಜಾಗವೂ ಇದೆ. ಸ್ವಾಹಿಲಿಯಲ್ಲಿ ಅಪ್ಪನ ತಮ್ಮ ‘ಬಾಬಾ ಮ್ಡೋಗೊ’, ಪದಶಃ ಚಿಕ್ಕ ಅಪ್ಪ. ಅಪ್ಪನ ಅಣ್ಣ ‘ಬಾಬಾ ಮ್ಕುಬ್ವಾ’, ದೊಡ್ಡ ಅಪ್ಪ. ಅಮ್ಮನ ತಂಗಿ ‘ಮಾಮಾ ಮ್ಡೋಗೊ’, ಚಿಕ್ಕಮ್ಮ. ಸೋದರಮಾವನಿಗೆ ‘ಮ್ಜೋಂಬಾ’, ಸೋದರತ್ತೆಗೆ ‘ಷಂಗಾಜಿ’. ನಮ್ಮ ಮನೆಯ ಹಾಗೆಯೇ! ಆದರೆ ನಮ್ಮಲ್ಲಿ ಆಗುವುದೇನು? ಸ್ವಾಹಿಲಿಯಿಂದ ನೇರವಾಗಿ ಕನ್ನಡಕ್ಕೆ ಹೇಳಬಲ್ಲವರು ಸಿಗುವುದೇ ಕಷ್ಟ. ಮಾತು ಮೊದಲು ಇಂಗ್ಲಿಷಿಗೆ ಬಂದು ‘ಅಂಕಲ್’ ಆಗುತ್ತದೆ. ಜಿಲ್ಲಾ ಮಟ್ಟದ ಕೋರ್ಟಿನ ಭಾಷೆ ಕನ್ನಡವಾದ್ದರಿಂದ ದಾಖಲೆಗೆ ಹೋಗುವಾಗ ‘ಮಾವ’ ಆಗುತ್ತದೆ. ಚಿಕ್ಕಪ್ಪ ಹೊರಟವನು ಮಾವನಾಗಿ ತಲುಪಿದ. ಹೀಗೆ ಎರಡು ಸಲ ಭಾಷೆ ದಾಟುವಾಗ ಸಂಬಂಧ, ಸಮಯ, ದುಡ್ಡಿನ ಮೊತ್ತ ಈ ಮೂರನ್ನೂ ಪ್ರತಿ ಸಲ ಮತ್ತೆ ಕೇಳಿ ಖಾತ್ರಿ ಮಾಡಿಕೊಳ್ಳಬೇಕು.

ಎಲ್ಲಿ ಹುಡುಕುವುದು?

ವಕೀಲರಿಗೆ ಬಾರ್ ಕೌನ್ಸಿಲ್ ಇರುವ ಹಾಗೆ ನಮ್ಮಲ್ಲಿ ಕೋರ್ಟ್ ದುಭಾಷಿಗಳಿಗೆ ಸನ್ನದು ಕೊಡುವ ಸಂಸ್ಥೆ ಇಲ್ಲ. ಅಮೆರಿಕದಲ್ಲಿ 1978ರಿಂದ ಇದಕ್ಕೇ ಒಂದು ಕಾಯ್ದೆ ಇದೆ. ಅಲ್ಲೂ ಫೆಡರಲ್ ಕೋರ್ಟಿನ ಪ್ರಮಾಣಪತ್ರದ ಪರೀಕ್ಷೆ ಈಗ ನಡೆಯುವುದು ಸ್ಪ್ಯಾನಿಷ್‌ಗೆ ಮಾತ್ರ. ಸ್ವಾಹಿಲಿಯವರ ಯೋಗ್ಯತೆಯನ್ನು ಅಲ್ಲೂ ಬೇರೆ ರೀತಿಯಲ್ಲಿ ಅಳೆಯಬೇಕು. ಹಾಗಾಗಿ ಹುಡುಕುವ, ತೂಗಿ ನೋಡುವ ಕೆಲಸ ಬಹುಮಟ್ಟಿಗೆ ನಿಮ್ಮದೇ.

ದೆಹಲಿಯಲ್ಲಿ ಕೀನ್ಯಾ ಮತ್ತು ತಾಂಜಾನಿಯಾ ಹೈಕಮಿಷನ್‌ಗಳಿವೆ. ಅವರನ್ನು ಕೇಳಬಹುದು. ಆದರೆ ನಿಮ್ಮ ಕಕ್ಷಿದಾರ ತನ್ನ ದೇಶದ ಸರ್ಕಾರಕ್ಕೇ ಹೆದರಿ ಓಡಿಬಂದವನಾದರೆ ಆ ಬಾಗಿಲು ತಟ್ಟಲೇಬೇಡಿ. ಅವನು ಇಲ್ಲಿದ್ದಾನೆ ಎಂದು ತಿಳಿಸಿದ ಹಾಗಾಗುತ್ತದೆ. ನಿರಾಶ್ರಿತರ ವಿಷಯವಾದರೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯನ್ನು ಕೇಳುವುದು ಸರಿ.

ದೆಹಲಿ ವಿಶ್ವವಿದ್ಯಾಲಯದ ಆಫ್ರಿಕನ್ ಅಧ್ಯಯನ ವಿಭಾಗ ಹಿಂದಿನಿಂದ ಸ್ವಾಹಿಲಿ ಕಲಿಸುತ್ತಾ ಬಂದಿದೆ. ಆಕಾಶವಾಣಿಯ ವಿದೇಶ ಪ್ರಸಾರದಲ್ಲಿ ಸ್ವಾಹಿಲಿ ಕಾರ್ಯಕ್ರಮ ಬರುತ್ತಿತ್ತು. ಅಲ್ಲಿ ದುಡಿದವರ ಉಚ್ಚಾರಣೆ, ಭಾಷೆ ಎರಡೂ ಗಟ್ಟಿ. ಇನ್ನು ಪೂರ್ವ ಆಫ್ರಿಕಾದಲ್ಲಿ ಹುಟ್ಟಿ ಬೆಳೆದು ಭಾರತಕ್ಕೆ ಮರಳಿದ ಗುಜರಾತಿ, ಗೋವಾ ಮನೆತನಗಳಿವೆ. ಸ್ವಾಹಿಲಿ ಅವರ ಬಾಯಲ್ಲಿ ನೀರು ಕುಡಿದ ಹಾಗೆ. ಆದರೆ ಎಷ್ಟೋ ಜನ ಕಲಿತದ್ದು ಅಂಗಡಿಯಲ್ಲಿ, ಅಡುಗೆಮನೆಯಲ್ಲಿ. ‘ನಿರೀಕ್ಷಣಾ ಜಾಮೀನು’ ಬಂದಾಗ ನಿಂತುಬಿಡಬಹುದು.

ದೊಡ್ಡ ಆಸ್ಪತ್ರೆಗಳು ಪೂರ್ವ ಆಫ್ರಿಕಾದ ರೋಗಿಗಳಿಗೆಂದು ಸ್ವಾಹಿಲಿ ಬಲ್ಲವರನ್ನು ಇಟ್ಟುಕೊಂಡಿರುತ್ತವೆ. ಕೈಗೆ ಹತ್ತಿರದ ಜನ, ದಿನಾ ಅದೇ ಕೆಲಸ ಮಾಡುವವರು. ಕೇಸು ಅದೇ ಆಸ್ಪತ್ರೆಯ ಮೇಲಾದರೆ? ಸಂಬಳ ಕೊಡುವವರ ವಿರುದ್ಧದ ಮಾತನ್ನು ಅವರ ಬಾಯಲ್ಲೇ ಹೇಳಿಸುವುದು ಅವರಿಗೂ ಕಷ್ಟ, ನಿಮಗೂ ನಷ್ಟ.

ಅತಿ ಸುಲಭಕ್ಕೆ ಸಿಗುವವರು ಅದೇ ದೇಶದ ವಿದ್ಯಾರ್ಥಿಗಳು. ಎಲ್ಲಕ್ಕಿಂತ ಜಾಸ್ತಿ ತೊಂದರೆ ಆಗುವುದೂ ಇಲ್ಲೇ. ಪರದೇಶದಲ್ಲಿ ಅವರದು ಸಣ್ಣ ಊರು, ಎಲ್ಲರಿಗೂ ಎಲ್ಲರೂ ಗೊತ್ತು. ಆರೋಪಿಯ ರೂಂಮೇಟಿನ ಗೆಳೆಯನೇ ದುಭಾಷಿಯಾಗಿ ಬಂದರೆ ದೂರು ಕೊಟ್ಟ ಹುಡುಗಿ ಬಾಯಿ ಬಿಡುತ್ತಾಳಾ? ಲೈಂಗಿಕ ದೌರ್ಜನ್ಯದ ದೂರಾದರೆ ಹೆಂಗಸನ್ನೇ ದುಭಾಷಿಯಾಗಿ ಹುಡುಕಿ, ಪರಿಚಯದ ವಲಯದ ಹೊರಗಿನವರನ್ನು ಹುಡುಕಿ. ಗಂಡ, ಹೆಂಡತಿ, ಮಕ್ಕಳನ್ನು ದುಭಾಷಿಯಾಗಿ ಕೂರಿಸುವುದಂತೂ ಬೇಡವೇ ಬೇಡ.

ಫೋನಿನ ಆ್ಯಪ್? ಮಾರ್ಕೆಟ್ಟಿಗೆ ದಾರಿ ಕೇಳಲು ಸಾಕು. ಅದು ಪ್ರಮಾಣ ಮಾಡುವುದಿಲ್ಲ, ಅನುಮಾನ ಬಂದರೆ ತಿರುಗಿ ಕೇಳುವುದಿಲ್ಲ, ಗಂಡು ಹೆಣ್ಣು ಗೊತ್ತಾಗದಿದ್ದರೂ ಒಂದನ್ನು ತಾನೇ ಆರಿಸಿಬಿಡುತ್ತದೆ.

ಕಾಗದಪತ್ರದ ಅನುವಾದಕ್ಕಾದರೆ ತಾಂಜಾನಿಯಾದಲ್ಲಿ ‘ಬಾಕಿಟಾ’ ಇದೆ. 1967ರಲ್ಲಿ ಕಾಯ್ದೆಯ ಮೂಲಕ ಹುಟ್ಟಿದ ರಾಷ್ಟ್ರೀಯ ಸ್ವಾಹಿಲಿ ಮಂಡಳಿ. ಅನುವಾದವನ್ನೂ ಮಾಡಿಕೊಡುತ್ತದೆ. ಆ ಕಾಗದ ಕೊಡಬೇಕಾದ ಇಲ್ಲಿನ ಕಚೇರಿಗೆ ಯಾವ ಬಗೆಯ ದೃಢೀಕರಣ ಬೇಕು ಎಂದು ಮೊದಲೇ ಕೇಳಿಕೊಂಡರೆ ಎರಡು ಸಲ ದುಡ್ಡು ಕೊಡುವುದು ತಪ್ಪುತ್ತದೆ.

ಒಪ್ಪಿಕೊಳ್ಳುವ ಮುಂಚೆ ಹದಿನೈದು ನಿಮಿಷ

ದುಭಾಷಿಯನ್ನೂ ಕಕ್ಷಿದಾರರನ್ನೂ ಎದುರು ಬದುರು ಕೂರಿಸಿ ಮಾತಾಡಿಸಿ. ಕೇಸಿನ ವಿಷಯ ಬೇಡ. ಊರು, ಮಳೆ, ಅಡುಗೆ, ಬಸ್ಸು. ಹತ್ತು ನಿಮಿಷದಲ್ಲಿ ಇಬ್ಬರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ಹಿಡಿಯುತ್ತದೋ ಇಲ್ಲವೋ ಗೊತ್ತಾಗುತ್ತದೆ. ಆಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ. ಎದುರಿಗೆ ‘ಹ್ಞೂಂ, ಅರ್ಥ ಆಗುತ್ತೆ’ ಎಂದವರು ಒಂಟಿಯಾಗಿ ಸಿಕ್ಕಾಗ ಬೇರೆ ಮಾತು ಹೇಳಬಹುದು.

ದುಭಾಷಿಗೆ ಕೇಸಿನ ಪಕ್ಷಗಳ ಹೆಸರು ಹೇಳಿ, ಯಾರಾದರೂ ಪರಿಚಯವೇ ಎಂದು ಕೇಳಿ. ಹಿಂದೆ ಕೋರ್ಟಿನಲ್ಲಿ ಕೆಲಸ ಮಾಡಿದ್ದಾರಾ, ಯಾವ ಬಗೆಯ ಕೇಸು ಎಂದು ಕೇಳಿ. ‘ಚಾಯ್’ ಪರೀಕ್ಷೆಯನ್ನೂ ಮಾಡಬಹುದು. ಕೀನ್ಯಾದಲ್ಲಿ ‘ಪೊಲೀಸ್ ಚಾಯ್ ಕೇಳಿದ’ ಅಂದರೆ ಲಂಚ ಕೇಳಿದ ಎಂದು, ನಮ್ಮಲ್ಲಿ ‘ಕಾಫಿ ತಿಂಡಿಗೆ ಏನಾದ್ರೂ ನೋಡಿ’ ಅನ್ನುವ ಹಾಗೆ. ಕೋರ್ಟಿನಲ್ಲಿ ಇದನ್ನು ಹೇಗೆ ಹೇಳುತ್ತೀರಿ ಎಂದು ಕೇಳಿ ನೋಡಿ. ‘ಲಂಚ ಕೇಳಿದ’ ಎಂದು ತಾವೇ ತೀರ್ಮಾನಿಸುವವರೂ, ‘ಟೀ ಕೇಳಿದ’ ಎಂದು ಸುಮ್ನೆ ಮುಂದೆ ಹೋಗುವವರೂ ಅರ್ಧ ಕೆಲಸ ಮಾಡಿದವರು. ‘ಸಾಕ್ಷಿ ಹೇಳ್ತಿರೋದು ಟೀ, ಈ ಮಾತಿಗೆ ಅಲ್ಲಿ ಇನ್ನೊಂದು ಅರ್ಥವೂ ಇದೆ’ ಎಂದು ಕೋರ್ಟಿಗೆ ತಿಳಿಸುತ್ತೇನೆ ಎನ್ನುವವರು ಸಿಕ್ಕರೆ ಬಿಡಬೇಡಿ.

ದರದ ಮಾತನ್ನು ಬರೆದಿಟ್ಟುಕೊಳ್ಳಿ. ಗಂಟೆಗೋ ದಿನಕ್ಕೋ? ಕಾಯುವ ಹೊತ್ತಿಗೆ ಎಷ್ಟು? ಕೇಸು ಮುಂದಕ್ಕೆ ಹೋದರೆ ಎಷ್ಟು? ನಮ್ಮ ಕೋರ್ಟುಗಳಲ್ಲಿ ಇದು ಆಗದಿದ್ದರೆ ಆಶ್ಚರ್ಯ. ಆರೋಪಪಟ್ಟಿ, ಹೆಸರುಗಳು, ಊರುಗಳು, ಮುಖ್ಯ ಪದಗಳ ಪಟ್ಟಿಯನ್ನು ಎರಡು ದಿನ ಮೊದಲೇ ಕೊಡಿ. ಇದು ಸಾಕ್ಷಿಗೆ ಪಾಠ ಹೇಳಿಕೊಟ್ಟ ಹಾಗಲ್ಲ, ದುಭಾಷಿಗೆ ನಿಘಂಟು ಕೊಟ್ಟ ಹಾಗೆ.

ಕೋರ್ಟಿನ ದಿನ

ಸಾಕ್ಷಿಯನ್ನೇ ನೋಡಿ ಪ್ರಶ್ನೆ ಕೇಳಬೇಕು. ‘ಅವರು ಏನು ನೋಡಿದರು ಅಂತ ಕೇಳಿ’ ಅಲ್ಲ, ‘ನೀವು ಏನು ನೋಡಿದಿರಿ?’ ದುಭಾಷಿಯೂ ಸಾಕ್ಷಿಯ ಹಾಗೆಯೇ ‘ನಾನು ನೋಡಿದೆ’ ಎಂದೇ ಹೇಳಬೇಕು. ಕನ್ನಡದಲ್ಲಿ ಇದು ಇನ್ನೂ ಮುಖ್ಯ. ‘ನೋಡಿದರಂತೆ’ ಎಂದು ಒಂದು ‘ಅಂತೆ’ ಸೇರಿದರೆ ಕಣ್ಣಾರೆ ಕಂಡದ್ದು ಕೇಳಿದ ಸುದ್ದಿಯಾಗುತ್ತದೆ.

ಇಲ್ಲ ಎಂದು ಮುಗಿಯುವ ಪ್ರಶ್ನೆ ಬೇಡ. ‘ನೀವು ಅವನನ್ನು ನೋಡಲಿಲ್ಲವೇ?’ ಎಂದರೆ ಸ್ವಾಹಿಲಿಯವರು ‘ನ್ದಿಯೊ’, ಅಂದರೆ ಹೌದು ಅನ್ನಬಹುದು. ಹೌದು, ನೋಡಲಿಲ್ಲ ಎಂದು. ನಮ್ಮಲ್ಲೂ ಹಾಗೆಯೇ ಅನ್ನುತ್ತೇವಲ್ಲ. ನಡುವೆ ಇಂಗ್ಲಿಷಿನ ‘ಯೆಸ್’ ಹೊಕ್ಕರೆ ಅರ್ಥ ಉಲ್ಟಾ.

ಈ ಕೆಲಸದಲ್ಲಿ ತಲೆ ಬೇಗ ದಣಿಯುತ್ತದೆ. ಅರ್ಧ ಗಂಟೆ ದಾಟಿದರೆ ತಪ್ಪುಗಳು ನುಸುಳುತ್ತವೆ. ದೊಡ್ಡ ವಿಚಾರಣೆಗಳಲ್ಲಿ ಇಬ್ಬರು ದುಭಾಷಿಗಳು ಸರದಿಯಲ್ಲಿ ಮಾಡುವುದು ಅದಕ್ಕೇ. ಒಬ್ಬರೇ ಇದ್ದರೆ ನಡುನಡುವೆ ಬಿಡುವು ಕೇಳಿ. ತಪ್ಪು ಆಯಿತು ಅನ್ನಿಸಿದರೆ ಆಗಲೇ ಎದ್ದು ಹೇಳಿ, ದಾಖಲಿಸಿಕೊಳ್ಳಲು ಕೋರಿ. ಕೋರ್ಟ್ ಒಪ್ಪಿದರೆ ಮೂಲ ಸ್ವಾಹಿಲಿ ಮಾತಿನ ಧ್ವನಿಮುದ್ರಣ ಇರಲಿ. ಮೇಲ್ಮನವಿಯ ಹೊತ್ತಿಗೆ ಕಾಗದದಲ್ಲಿ ಉಳಿದಿರುವುದು ದುಭಾಷಿಯ ಮಾತು ಮಾತ್ರ, ಸಾಕ್ಷಿಯ ಮಾತಲ್ಲ.

ನಮ್ಮವರು ಅಲ್ಲಿ ಇದ್ದರೆ

ದಾರ್ ಎಸ್ ಸಲಾಮ್, ನೈರೋಬಿ, ಕಂಪಾಲಾದಲ್ಲಿ ಕನ್ನಡದವರೂ ಇದ್ದಾರೆ. ತಾಂಜಾನಿಯಾದ ಮೇಲಿನ ಕೋರ್ಟುಗಳಲ್ಲಿ ಮಾತು ಸ್ವಾಹಿಲಿಯಲ್ಲಿ ನಡೆದರೂ ದಾಖಲೆ, ತೀರ್ಪು ಇಂಗ್ಲಿಷಿನಲ್ಲಿ ಇರುತ್ತಿದ್ದವು. 2021ರ ತಿದ್ದುಪಡಿ ಸ್ವಾಹಿಲಿಯನ್ನೇ ಕಾನೂನಿನ ಮತ್ತು ಕೋರ್ಟುಗಳ ಭಾಷೆ ಮಾಡಿತು, ನ್ಯಾಯಕ್ಕೆ ಅಗತ್ಯವಾದರೆ ಇಂಗ್ಲಿಷ್ ಬಳಸಬಹುದು. ಅಲ್ಲಿ ವ್ಯವಹಾರ ಮಾಡುವವರು ಕರಾರು ಪತ್ರಕ್ಕೆ ಸಹಿ ಹಾಕುವ ಮೊದಲೇ ಅನುವಾದಕರನ್ನು ಹುಡುಕಿಕೊಳ್ಳುವುದು ವಾಸಿ. ಕೀನ್ಯಾದಲ್ಲಿ ಕೆಳಗಿನ ಕೋರ್ಟುಗಳಲ್ಲಿ ಇಂಗ್ಲಿಷ್ ಅಥವಾ ಸ್ವಾಹಿಲಿ ನಡೆಯುತ್ತದೆ, ಹೈಕೋರ್ಟಿನಲ್ಲಿ ಇಂಗ್ಲಿಷ್. ಭಾಷೆ ಬಾರದ ಆರೋಪಿಗೆ ಪುಕ್ಕಟೆ ದುಭಾಷಿ ಕೊಡಬೇಕೆಂದು ಅಲ್ಲಿನ 2010ರ ಸಂವಿಧಾನದ 50ನೇ ವಿಧಿಯೇ ಹೇಳುತ್ತದೆ.

ಇಲ್ಲಿನ ಕೇಸಿಗೂ ಅಲ್ಲಿನ ದುಭಾಷಿ ಬೇಕಾಗಬಹುದು. ಬೆಂಗಳೂರಿನಲ್ಲಿ ಯಾರೂ ಸಿಗದಿದ್ದರೆ ನೈರೋಬಿಯ ವೃತ್ತಿಪರರನ್ನು ವಿಡಿಯೊ ಮೂಲಕ ಕೂರಿಸಲು ಕೋರ್ಟಿನ ಅನುಮತಿ ಕೇಳಬಹುದು. ಕೀನ್ಯಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಇಲ್ಲಿ ಬೆಳಗ್ಗೆ ಹತ್ತೂವರೆ ಅಂದರೆ ಅಲ್ಲಿ ಎಂಟು. ಲಿಂಕ್ ಕಳಿಸುವಾಗ ಹೊತ್ತನ್ನು ಅಂಕಿಯಲ್ಲಿ, ಎರಡೂ ದೇಶದ ಸಮಯ ಸೇರಿಸಿ ಬರೆಯಿರಿ. ಫೋನಿನಲ್ಲಿ ಅವರು ‘ಸಾ ಮ್ಬಿಲಿ, ಸರಿ’ ಅಂದರೆ ಗಾಬರಿ ಬೀಳಬೇಡಿ. ಎಂಟಕ್ಕೇ ಬಂದು ಕೂರುತ್ತಾರೆ.